ಸತ್ತಾಕೀಗೆ ಒನ್ಸ್ ಮೋರ್

ವೇದಿಕೆಯನ್ನು ಅಲಂಕರಿಸಿರುವ ಅಧ್ಯಕ್ಷರಾದ ಬಸಲಿಂಗಪ್ಪನವರೇ, ರಾಮದುರ್ಗದಿಂದ ಮುದ್ದಾಂ ದಯಮಾಡಿಸಿರುವ ಮುಖ್ಯ ಅತಿಥಿಗಳೂ, ತೀರಿಕೊಂಡ ನನ್ನ ಹೆಂಡತಿಯ ಅಣ್ಣನವರೂ ಆದ ವಕೀಲ ತ್ರ್ಯಂಬಕರಾಯರೇ, ನನ್ನ ಜೋಡಿ ಕರೀ ಹಲಗೀ ಮ್ಯಾಲ ಖಡು ಸವೆಸಿದ ಮಾಸ್ತರ ಬಂಧುಗಳೇ, ಬೈಲಹೊಂಗಲದ ಸಭಿಕರೇ, ಆ ಕಡೆ ಕುಳಿತ ತಾಯಂದಿರೇ, ಅವರ ನಡುವೆ ತಲಿ ಕೆಳಗ ಹಾಕಿ ಕುಂತ ನನ್ನ ಮಗಳೇ, ತಾರಾ,

ನಿವೃತ್ತನಾಗುವ ಮಾಸ್ತರ ಎರಡು ಹಿತವಚನ ಹೇಳಿ ಕೆಳಗಿಳಿಯಬೇಕು, ಅದು ಪದ್ಧತಿ. ಕಾರ್ಯದರ್ಶಿಗಳು ‘ನನ್ನ ಸೇವಾನುಭವ’ ಅಂತ ವಿಷಯಾನೂ ಕೊಟ್ಟಾರ. ಕ್ಷಮಾ ಇರಲಿ, ನಾ ಸಿನೆಮಾದೊಳಗಿನ ಸಾವಿನ ಬಗ್ಗೆ ಮಾತಾಡಾಂವ ಇದ್ದೇನಿ. ಯಾಕಂದ್ರ, ಈಗ ಚಹಾ ಕುಡಿಯೂ ಮುಂದ ಅಧ್ಯಕ್ಷರು ನನ್ನ ಬಾಜೂಕ ಕರದು ಹೇಳಿದ್ರು: “ಮಾಸ್ತರ್ರ, ಇದ್ದೂರ ಮಂದಿಗೆ ಗೊತ್ತಿರೂ ಜಗಳಾ ಐತಿ. ಆವತ್ತ ಸಿನೆಮಾ ಟೆಂಟಿನ್ಯಾಗ ಮಾಡಿದ್ದು ತಪ್ಪಾತು ಅಂತ ಸಭಾದಾಗ ಒಂದ ಮಾತು ಅಂದಬಿಡ್ರಿ. ವಕೀಲರು ತಾರಾನ ಲಗ್ನಕ್ಕ ನಿಮ್ಮನ್ನ ಕರೀತಾರ.”

ಸ್ವಂತ ಮಗಳ ಲಗ್ನಕ್ಕ ಹಡದ ಅಪ್ಪಗ ಕರೆ ಬರಬೇಕಾಗೇದ. ಆ ಕರೆ ನನಗ ಬೇಕಾಗೇದ, ಸುಳ್ಳು ಯಾಕ ಹೇಳ್ಲಿ? ಆದರ ತಪ್ಪು ಏನು ಅನ್ನೂದು ಸಭಾಕ್ಕ ಮೊದಲು ತಿಳೀಬೇಕಲ್ಲ?

ನಮ್ಮಂಥ ನಾಕು ಅಕ್ಷರ ಕಲತವರು ಸಿನೆಮಾದ ಸಾವಿಗೆ ನಗತೇವಿ. ನಾನೂ ನಕ್ಕಾಂವನ. ವಿಷಾ ಕುಡದಾಕಿ ಮೂರು ನುಡಿ ಹಾಡತಾಳ, ನಡುವ ಆಲಾಪ ಬ್ಯಾರೆ. ಗುಂಡು ಬಡಸಿಕೊಂಡಾಂವ ಮನೆತನದ ವ್ಯವಹಾರ ಎಲ್ಲಾ ಇತ್ಯರ್ಥ ಮಾಡಿ ಆಮ್ಯಾಲ ಕಣ್ಣು ಮುಚ್ಚತಾನ. ದೂರದ ಮಗ ಬಂದು ಮುಟ್ಟೂತನಕಾ ಮುದುಕಿ ಜೀವಾ ಹಿಡಕೊಂಡು ಇರತಾಳ, ಟಾಂಗಾ ಎಷ್ಟು ತಡಾ ಆದರೂ ಚಿಂತಿಲ್ಲ. ಒಂದ ಚಿತ್ರದಾಗ ಮುದುಕ ಆರಾಮ ಕುರ್ಚಿ ಮ್ಯಾಲ ಕುಂತಲ್ಲೆ ಪ್ರಾಣಾ ಬಿಟ್ಟ. ಬಾಜೂಕ ಇದ್ದ ನಮ್ಮ ಓಣಿಯ ಸಂಗಪ್ಪ ಲಗೂನ ಕೈ ಮುಗದ, ಯಾಕಂದ್ರ ಅವರು ಲಿಂಗಾಯತರು, ಅವರೊಳಗ ಸತ್ತವರನ್ನ ಕುಂಡರಿಸಿ ಮಣ್ಣು ಮಾಡತಾರ. ನಾವು ಬ್ರಾಹ್ಮಣರು ಮಾತ್ರ, ಮುದುಕ ನಿದ್ದಿ ಮಾಡ್ಯಾನ, ಈಗ ಏಳ್ತಾನ ಅಂತ ಆಟ ಮುಗಿಯೂತನಕಾ ಕಾಯ್ದಿವಿ.

ನಗ್ರಿ, ಅಡ್ಡಿಯಿಲ್ಲ. ಆದರ ಆ ಸಾವಿಗೆ ಇಡೀ ಟೆಂಟ ಯಾಕ ಅಳತದ? ಹೊಲಾ ಮನಿ ಮಾಡಿ ಗಟ್ಟಿ ಆದ ಮಂದಿ ಯಾಕ ರುಮಾಲಿನ ಚುಂಗಿನಿಂದ ಕಣ್ಣು ಒರಸ್ಕೋತಾರ? ನಟಿ ಛಂದ ಇದ್ದಾಳಂತ? ಹಾಡು ಛಂದ ಅದ ಅಂತ? ಅಲ್ಲ. ಅಲ್ಲೆ ಸಾವು ನಿಂದರತದ. ಹೇಳೂದೆಲ್ಲಾ ಹೇಳೂತನಕಾ ನಿಂದರತದ. ನಮ್ಮ ಮನಿಗೆ ಬರೂ ಸಾವಿಗೆ ಆ ರೀತಿ ರಿವಾಜು ಇಲ್ಲ.

ನನ್ನ ಹೆಂಡತಿ ನರ್ಮದಾ ಹೋಗಿದ್ದು ತಾರಾ ಸಣ್ಣಾಕಿ ಇದ್ದಾಗ, ಒಂದ ಮುಂಜಾನೆ. ಎದಿ ಹಿಡಕೊಂಡು ಗ್ವಾಡಿಗೆ ಆತು ಕುಂತಳು. ನಾ ಓಡಿ ಹೋದೆ. “ಹಾಲು ನೋಡ್ರಿ, ಉಕ್ಕತಾವ” ಅಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದಾಕಿ ಹೇಳಿದ ಕಡೀ ಮಾತು ಅದು. ನಾ ಒಳಗ ಹೋಗಿ ಹಾಲು ಇಳಿಸಿದೆ. ಹಾಲು ಉಕ್ಕಲಿಲ್ಲ. ಹೊಳ್ಳಿ ಬರೂದರೊಳಗ ಎಲ್ಲಾ ಮುಗದಿತ್ತು.

ಆಮ್ಯಾಲ ಶಾಸ್ತ್ರ. ಇಲ್ಲೆ ನೀರು ಬಿಡ್ರಿ, ಅಲ್ಲೆ ದರ್ಭಿ ಹಿಡೀರಿ, ತೆಂಕಣಕ್ಕ ತಿರುಗ್ರಿ. ಅಳ್ಲಿಕ್ಕೆ ಬಾಯಿ ತಗದರ ಇದs ತ್ರ್ಯಂಬಕರಾಯರು ಹೆಗಲ ಮ್ಯಾಲ ಕೈ ಇಟ್ಟು, “ಗಂಡಸ ಇದ್ದೀರಿ, ಧೈರ್ಯ ತಗೋರಿ. ಹುಡುಗಿ ನೋಡತದ” ಅಂದ್ರು. ಒಳ್ಳೇದಕ್ಕ ಅಂದ್ರು. ನಾ ಧೈರ್ಯ ತಗೊಂಡೆ. ಆ ಧೈರ್ಯ ಗಂಟಲದಾಗ ಸಿಕ್ಕೊಂಡು, ಉಣ್ಣಲಿಕ್ಕೂ ಬಿಡಲಿಲ್ಲ, ಮಲಗಲಿಕ್ಕೂ ಬಿಡಲಿಲ್ಲ.

ಸೂತಕ ಇನ್ನೂ ಕಳದಿರಲಿಲ್ಲ. ಒಂದ ಸಂಜೀಕ ಬೋಳು ತಲಿಗೆ ರುಮಾಲು ಸುತ್ತಿಕೊಂಡು, ಕಾಲು ಒಯ್ದ ಕಡೆ ಹೊಂಟೆ. ಕಾಲು ಟೆಂಟಿಗೆ ಒಯ್ದು ಬಿಟ್ಟವು. ಚಿತ್ರ ಹಿಂದಿ, ನನಗ ಅರ್ಧಾನೂ ತಿಳೀಲಿಲ್ಲ. ಆದರ ಆಕಿ ಹಾಸಿಗಿ ಮ್ಯಾಲ ಮಲಗಿದ್ದಳು, ಗಂಡ ಕೈ ಹಿಡಕೊಂಡಿದ್ದ, ಆಕಿ ಹಾಡಿದಳು, ಆಮ್ಯಾಲ ಆ ಕೈ ಜಾರಿ ಬಿತ್ತು. ಅಷ್ಟು ಸಾಕಾತು. ನಾ ಎದ್ದು ನಿಂತೆ. ಈ ಸಾಲಿಯ ಹೆಡ್ ಮಾಸ್ತರ, ಹೆಂಡತಿ ಸತ್ತ ಸೂತಕದಾಂವ, ಎದ್ದು ನಿಂತು ಎರಡೂ ಕೈ ಎತ್ತಿ “ಒನ್ಸ್ ಮೋರ್” ಅಂತ ಒದರಿದೆ.

ಇದು ನನ್ನ ಅಪರಾಧ.

ಸಭಿಕರೇ, ನಿಮ್ಮೊಳಗ ಕಂಪನಿ ನಾಟಕ ನೋಡದವರು ಯಾರಿದ್ದೀರಿ? ಲಗ್ನಾದ ಹೊಸದಾಗಿ ನಾನೂ ನರ್ಮದಾನೂ ಸವದತ್ತಿಗೆ ನಾಟಕ ನೋಡ್ಲಿಕ್ಕೆ ಹೋಗಿದ್ದಿವಿ. ರಾಣಿ ಹಾಡಿ ಸತ್ತಳು. ಮಂದಿ ಒನ್ಸ್ ಮೋರ್ ಅಂದ್ರು. ರಾಣಿ ಎದ್ದು, ಸೆರಗು ಸರಿ ಮಾಡಿಕೊಂಡು, ಮತ್ತ ಹಾಡಿ, ಮತ್ತ ಅದs ಜಾಗಾದಾಗ ಸತ್ತಳು. ಮಂದಿ ಮತ್ತ ಅಂದ್ರು, ಆಕಿ ಮತ್ತ ಎದ್ದಳು. ನರ್ಮದಾ ಬಾಯಿಗೆ ಸೆರಗು ಒತ್ತಿ ನಕ್ಕು, “ಪಾಪ, ಸಾಯ್ಲಿಕ್ಕೂ ಬಿಡವಲ್ರು ಆಕಿಗೆ” ಅಂದಳು.

ಸತ್ತಾಕಿನ್ನ ಎಬ್ಬಸೂ ಮಾತು ನಮ್ಮ ಸೀಮಿಯೊಳಗ ಇದೊಂದs ಅದ. ವೇದದಾಗ ಇಲ್ಲ, ಪುರಾಣದಾಗ ಇಲ್ಲ. ನಾ ಅದನ್ನ ಅಂದೆ. ಚೈನಿಗೆ ಅಂದೆನೇನು? ಶೋಕೀಗೆ ಅಂದೆನೇನು? ಟೆಂಟ ಎಲ್ಲಾ ಹೊಳ್ಳಿ ನೋಡಿತು, ಯಾರೋ ಸಿಳ್ಳು ಹಾಕಿದ್ರು. ಅಲ್ಲೆ ಹಿಂದ ಕುಂತಿದ್ದ ಸಂಗಪ್ಪ ನನ್ನ ಧೋತರಾ ಜಗ್ಗಿ, “ಕುಂಡ್ರಿ ಮಾಸ್ತರ್ರ. ಇದು ನಾಟಕ ಅಲ್ರಿ. ಇಲ್ಲೆ ಸತ್ತಾಕಿ ಏಳಂಗಿಲ್ರಿ” ಅಂದ. ಆವಾಗ ಕುಂತು ಅತ್ತೆ. ಮನ್ಯಾಗ ಬಾರದ ಅಳು ಅಲ್ಲೆ ಬಂತು. ಕತ್ತಲಿತ್ತು, ಯಾರೂ ಧೈರ್ಯ ತಗೋ ಅನ್ನಲಿಲ್ಲ.

ಒದರಿದ್ದು ರಾಮದುರ್ಗದ ತನಕಾ ಕೇಳಿಸ್ತು, ಅತ್ತದ್ದು ಕೇಳಿಸಲಿಲ್ಲ. ಹದಿಮೂರನೇ ದಿನದ ಊಟಾ ಆದ ಮ್ಯಾಲ ವಕೀಲರು “ನಮ್ಮ ತಂಗಿ ಸತ್ತದ್ದಕ್ಕ ಒನ್ಸ್ ಮೋರ್ ಅಂದಾಂವನ ಮನ್ಯಾಗ ಆಕಿ ಮಗಳನ್ನ ಬಿಡೂದಿಲ್ಲ” ಅಂದು ತಾರಾನ್ನ ಕರಕೊಂಡು ಹೋದ್ರು. ಸಾಕ್ಯಾರ, ಓದಿಸ್ಯಾರ, ಒಳ್ಳೇ ವರಾ ನೋಡ್ಯಾರ. ಅದಕ್ಕ ನನ್ನ ತಲಿ ಬಾಗತದ. ಆದರ ತಪ್ಪಾಯಿತು ಅಂತ ನಾ ಅನ್ನೂದಿಲ್ಲ. ಇವತ್ತೂ ಅನ್ನೂದಿಲ್ಲ, ಸಾಯೂ ಮುಂದೂ ಅನ್ನೂದಿಲ್ಲ.

ಇಷ್ಟೊತ್ತು ಕುಂತು ಕೇಳಿದ್ರಿ, ಶಾಲು ಹೊಚ್ಚಿದ್ರಿ, ನಿಮ್ಮೆಲ್ಲರ ಉಪಕಾರ ದೊಡ್ಡದು. ಒಂದ ಮಾತು ಉಳದದ, ಅದು ತ್ರ್ಯಂಬಕರಾಯರಿಗೆ. ಕರೀರಿ, ಬಿಡ್ರಿ, ಲಗ್ನಕ್ಕ ನಾ ಬರತೇನಿ. ಮಂಟಪದ ಮುಂದ ಕುಂಡ್ರತೇನಿ. ಹುಡುಗಿನ್ನ ಒಪ್ಪಿಸಿಕೊಡೂ ಹೊತ್ತಿನ್ಯಾಗ ಅಪ್ಪ ತುಟಿ ಕಚ್ಚಿಕೊಂಡು ನಿಂದರತಾನ, ತಾಯಿ ಅಳತಾಳ, ಇದು ನಮ್ಮ ಪದ್ಧತಿ. ತಾರಾಗ ತಾಯಿ ಇಲ್ಲ. ಆ ತಾಯಿಯ ಅಳೂನೂ ಅವತ್ತ ನಾನs ಅಳತೇನಿ, ನಾಕು ಮಂದಿಯೊಳಗ, ಹಾಡಹಗಲಾಗ. ಧೈರ್ಯ ತಗೋರಿ ಅಂತ ಯಾರೂ ನನ್ನ ಹೆಗಲ ಮ್ಯಾಲ ಕೈ ಇಡಬ್ಯಾಡ್ರಿ.

ನಮಸ್ಕಾರ.