ಹವಾಮಾನದವನ ಬಾಯಿ

ಬಂದರು ಕಚೇರಿಯ ಬೆಂಚಿನಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಮುದುಕನಿಗೆ ಬೆನ್ನ ಹಿಂದಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ದೋಣಿ ಹಿಂದಿರುಗದವರ ಮನೆಯವರನ್ನು ಅಲ್ಲೇ ಕೂರಿಸಿದ್ದರು. ಅಕ್ಕ, ತಮ್ಮ. ತಮ್ಮನ ಅಂಗಿಯ ಮೇಲೆ ಹವಾಮಾನ ಕಚೇರಿಯ ಬಿಲ್ಲೆ.

"ಆಕಾಶ ನೋಡು, ತೊಳೆದಿಟ್ಟ ಹಾಗಿದೆ."

"ಬಿರುಗಾಳಿ ಹೋದ್ಮೇಲೆ ಹಾಗೇ ಅಕ್ಕ."

"ಮೊನ್ನೆ ಬೆಳಿಗ್ಗೇನೂ ಹೀಗೇ ಇತ್ತಲ್ಲೋ."

"ನೋಡೋಕೆ ಹೀಗಿತ್ತು. ಕಡಲು ಕಾದಿತ್ತು. ಆ ಬಿಸಿ ಗಾಳಿ ಮೇಲೇರಿ ತಣ್ಣಗಾದ್ರೆ ಮೋಡ ಕಟ್ಟದೆ ಬಿಡುತ್ತಾ? ಮಳೆ, ಗಾಳಿ, ಗುಡುಗು ಎಲ್ಲಾ ಹುಟ್ಟೋದು ನೆಲಕ್ಕೆ ಅಂಟಿರೋ ಈ ಕೆಳಗಿನ ಪದರದಲ್ಲೇ. ಅದರಾಚೆ ಇದ್ಯಾವುದರ ಗೊಡವೇನೂ ಇಲ್ಲ."

"ನಾವೂ ಅದರೊಳಗೇ ಬಿದ್ದಿದ್ದೀವಿ."

"ಹೂಂ."

"ಗಾಳಿ ಅಳೆಯೋಕೆ ಬಲೂನು ಬಿಟ್ಟಾಗ್ಲೇ ಗೊತ್ತಾಗಿತ್ತಾ ನಿಂಗೆ?"

"ಗೊತ್ತಾಗೇ ಭಾವಂಗೆ ಫೋನ್ ಮಾಡಿದ್ದು. ಹೋಗ್ಬೇಡಿ ಅಂದೆ."

"ನಕ್ರು ಕಣೋ. ‘ನಿನ್ನ ತಮ್ಮ ಬಿರುಗಾಳಿ ಅಂದನಲ್ಲ, ಇವತ್ತು ಒಳ್ಳೇ ಬಿಸಿಲು’ ಅಂತ ಹೊರಟೇಬಿಟ್ರು. ನಾನೂ ನಕ್ಕೆ. ನೀನು ಮಳೆ ಅಂದ ದಿನಾನೇ ಬಟ್ಟೆ ಒಣಗಿಸೋಳಲ್ವಾ ನಾನು?"

ಮುದುಕನ ಕೈಯ ಸೂಜಿ ನಿಂತಿತು.

"ಒಂದು ಕೆಲಸ ಮಾಡ್ತೀಯಾ?"

"ಹೇಳಕ್ಕ."

"ಭಾವ ಇನ್ನು ಬರಲ್ಲ ಅಂತ ಹೇಳಿಬಿಡು. ನಿನ್ನ ಬಾಯಲ್ಲಿ ಬಂದದ್ದೆಲ್ಲ ಸುಳ್ಳಾಗುತ್ತಲ್ಲ."

"ಅಕ್ಕಾ..."

"ಹೇಳೋ, ನಿಂಗೆ ಕೈ ಮುಗೀತೀನಿ."

"ಭಾವ ಇನ್ನು... ಬರಲ್ಲಕ್ಕ."

ಅಷ್ಟರಲ್ಲಿ ಗುಮಾಸ್ತ ಒಳಬಾಗಿಲು ತೆರೆದು, ಗುರುತು ಹಿಡಿಯೋಕೆ ಮನೆಯವರು ಬನ್ನಿ ಎಂದು ಕರೆದ. ಅಕ್ಕ ತಮ್ಮನ ತೋಳು ಹಿಡಿದು ಎದ್ದಳು.

"ಸುಳ್ಳೇ ತಾನೇ ಹೇಳಿದ್ದು?" ಎಂದು ಕೇಳುತ್ತ ಕೇಳುತ್ತಲೇ ಬಾಗಿಲು ದಾಟಿದಳು.