ಆಯ್ತು ಬೇರೆ, ಏರಿಸು ಬೇರೆ

ಮುದ್ರಕರ ಸಂಘದ ಅಧ್ಯಕ್ಷರೇ, ತೆರಿಗೆ ಉಳಿಸುವುದು ಹೇಗೆಂದು ಈಗಷ್ಟೇ ಸೊಗಸಾಗಿ ತಿಳಿಸಿಕೊಟ್ಟ ಮುಖ್ಯ ಅತಿಥಿಗಳಾದ ಆಡಿಟರೇ, ಇಂದು ಸನ್ಮಾನ ಪಡೆಯುತ್ತಿರುವ ನಮ್ಮ ಮುದ್ರಣಾಲಯದ ಯಜಮಾನರೇ, ಮುಂದಿನ ಸಾಲಿನಲ್ಲಿರುವ ಅವರ ಇಬ್ಬರು ಮಕ್ಕಳೇ, ಕುರ್ಚಿ ಸಾಲದೆ ಬಾಗಿಲಲ್ಲಿ ನಿಂತಿರುವ ನನ್ನ ಜೊತೆಗಾರರೇ, ಸಭಿಕರೇ,

ಕುಟುಂಬದ ವ್ಯವಹಾರ ಮತ್ತು ಆಸ್ತಿ ಹಂಚಿಕೆಯ ಬಗ್ಗೆ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಕಾನೂನು ಓದಿದವಳಲ್ಲ. ಯಜಮಾನರ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ಅಚ್ಚಿಗೆ ಬರುತ್ತಿದ್ದ ಕಾನೂನಿನ ಕರಪತ್ರಗಳನ್ನು ತಿದ್ದುತ್ತ ತಿದ್ದುತ್ತ ತಲೆಗೆ ಹತ್ತಿಸಿಕೊಂಡೆ. ಆಮೇಲೆ ನಾನೇ ಬರೆದು ಹಂಚತೊಡಗಿದೆ. ಯಜಮಾನರು ನನ್ನನ್ನು ವಕೀಲಮ್ಮ ಎನ್ನುತ್ತಾರೆ. ಆ ಪದವಿಗೆ ಪರೀಕ್ಷೆ ಇರಲಿಲ್ಲ.

ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯಲ್ಲಿ "ಸ್ವಇಚ್ಛೆಯಿಂದ ನಿವೃತ್ತರಾಗುತ್ತಿರುವ" ಎಂದಿದೆ. ಅದು ಬೇರೆ ಕಡೆ ಅಚ್ಚಾದದ್ದು. ನಮ್ಮಲ್ಲಿ ಆಗಿದ್ದರೆ ಸ್ವಇಚ್ಛೆ ಎಂಬ ಆ ಒಂದು ಪದದ ಪಕ್ಕ ನಾನು ಪ್ರಶ್ನೆಯ ಗುರುತು ಹಾಕುತ್ತಿದ್ದೆ. ಯಾಕೆ ಎಂದು ಹೇಳುತ್ತೇನೆ.

ಯಂತ್ರಗಳ ಪಕ್ಕದಲ್ಲೇ ಬದುಕು ಸವೆಸಿದ ಯಜಮಾನರಿಗೆ ಕಿವಿ ಅಷ್ಟಕ್ಕಷ್ಟೆ. ಏನು ಹೇಳಿದರೂ "ಆಯ್ತು" ಅನ್ನುತ್ತಾರೆ. ಹೊರಗಿನವರು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ. ನಮಗೆ ಗೊತ್ತು, ಅದು ಒಪ್ಪಿಗೆಯಲ್ಲ. ನೀನು ಏನೋ ಹೇಳಿದೆ, ಅದು ನನ್ನವರೆಗೆ ಬಂತು, ಅಷ್ಟೆ. ಅಚ್ಚಾಗಬೇಕಾದರೆ ಅವರು "ಏರಿಸು" ಅನ್ನಬೇಕು, ಅಂದರೆ ಯಂತ್ರಕ್ಕೆ ಹಾಕು ಎಂದು. ಆ ಮಾತು ಬೀಳುವವರೆಗೆ ಯಾರೂ ಯಂತ್ರ ಮುಟ್ಟುವಂತಿರಲಿಲ್ಲ. ಒಮ್ಮೆ ಹೊಸದಾಗಿ ಸೇರಿದ ಯಂತ್ರದವನು ಬರೀ "ಆಯ್ತು" ಕೇಳಿಸಿಕೊಂಡು ಮದುವೆ ಪತ್ರಿಕೆ ಅಚ್ಚು ಹಾಕಿಬಿಟ್ಟ. ವರನ ಹೆಸರಿನ ಜಾಗದಲ್ಲಿ ವರನ ಅಪ್ಪನ ಹೆಸರಿತ್ತು. ಊರೆಲ್ಲ ನಕ್ಕಿತು, ಹುಡುಗನ ಅಮ್ಮ ಮಾತ್ರ ನಗಲಿಲ್ಲ. "ನೀವೇ ಆಯ್ತು ಅಂದ್ರಲ್ಲ ಯಜಮಾನ್ರೇ" ಎಂದು ಅವನು ಅಳುಮುಖ ಮಾಡಿದರೆ, ಇವರು ತಣ್ಣಗೆ, "ಆಯ್ತು ಅಂದೆ ಕಣಯ್ಯಾ, ಏರಿಸು ಅಂದ್ನಾ?" ಅಂದರು.

ನೀವೀಗ ನಗುತ್ತಿದ್ದೀರಿ. ನಗಿ. ಕಳೆದ ವರ್ಷ ಇದೇ ಮಾತು ನೋಂದಣಿ ಕಚೇರಿಯಲ್ಲಿ ನಡೆಯಿತು.

ತಂದೆ ಇರುವಾಗಲೇ ಕಟ್ಟಡ, ಯಂತ್ರ, ಎಲ್ಲವನ್ನೂ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸಿದರೆ ತೆರಿಗೆ ಉಳಿಯುತ್ತದೆ ಎಂದು ಇದೇ ಮುಖ್ಯ ಅತಿಥಿಗಳು ಆಗ ಸಲಹೆ ಕೊಟ್ಟಿದ್ದರು. ಸಾಕ್ಷಿ ಹಾಕಲು ಹೋಗಿದ್ದವರು ನಮ್ಮ ಬೈಂಡರ್. ಅವರು ಹೇಳಿದ್ದು ಇಷ್ಟು: ಸ್ವಇಚ್ಛೆಯಿಂದ ಕೊಡುತ್ತಿದ್ದೀರಾ ಎಂದು ಅಧಿಕಾರಿ ಕೇಳಿದರು. ಯಜಮಾನರು "ಆಯ್ತು" ಅಂದರು. ಸಹಿ ಬಿತ್ತು, ಮುದ್ರೆ ಬಿತ್ತು. ಅಲ್ಲಿ "ಏರಿಸು" ಎಂಬ ಮಾತಿಗಾಗಿ ಯಾರು ಕಾಯುತ್ತಾರೆ?

ಯಂತ್ರಗಳು ಗುಜರಿಗೆ ಹೋದವು. ನೆಲಮಹಡಿ ಪೀಠೋಪಕರಣದ ಅಂಗಡಿಗೆ ಬಾಡಿಗೆಗೆ ಹೋಯಿತು. ಉಳಿದದ್ದು ಮಹಡಿ ಮೇಲೆ ಯಜಮಾನರು ಮಲಗುವ ಕೋಣೆ. ಅಂಗಡಿಯವರಿಗೆ ಗೋದಾಮಿಗೆ ಅದೂ ಬೇಕಂತೆ. ನಾಳೆ ಬೆಳಿಗ್ಗೆ ಮಕ್ಕಳು ಯಜಮಾನರನ್ನು ವೃದ್ಧಾಶ್ರಮಕ್ಕೆ ಕರೆದೊಯ್ಯುತ್ತಾರೆ. ಹೋದ ತಿಂಗಳಷ್ಟೇ ಅವರು ಆ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. ಬಿಟ್ಟುಹೋಗುವ ಮನಸ್ಸಿದ್ದವರು ಸುಣ್ಣ ಹೊಡೆಸುತ್ತಾರೆಯೇ?

ಉಯಿಲು ಬರೆದರೆ ಸಾಯುವವರೆಗೆ ಎಲ್ಲವೂ ನಿಮ್ಮದೇ, ಬೇಡವೆನಿಸಿದ ದಿನ ಬದಲಾಯಿಸಬಹುದು. ದಾನಪತ್ರ ಕೈಬಿಟ್ಟರೆ ಬಿಟ್ಟಂತೆಯೇ. ಬದುಕಿರುವವರೆಗೆ ಇಲ್ಲೇ ಇರುತ್ತೇನೆ ಎಂದು ಅದರಲ್ಲಿ ಬರೆಸಿರಬೇಕು. ಇದನ್ನೆಲ್ಲ ನನ್ನ ಕರಪತ್ರದಲ್ಲಿ ಬರೆದಿದ್ದೆ. ಅಚ್ಚು ಮಾಡಿದವರು ಈ ಯಜಮಾನರೇ. "ದಾನಪತ್ರಕ್ಕೆ ಮುನ್ನ ಹತ್ತು ಸಲ ಯೋಚಿಸಿ" ಎಂಬ ನನ್ನ ಸಾಲಿಗೆ ಗೀಟು ಎಳೆದು, "ಒಂದ್ಸಲ ಸಾಕಮ್ಮ, ಆದ್ರೆ ಒಬ್ಬರೇ ಕೂತು ಯೋಚಿಸ್ಬೇಕು ಅಂತ ಬರಿ" ಅಂದಿದ್ದರು.

ಹಾಗೆ ಹೇಳಿದ ಮನುಷ್ಯ ಹೀಗೇಕೆ ಮಾಡಿದರು? ನನಗೆ ನಿದ್ದೆ ಬರಲಿಲ್ಲ. ಒಪ್ಪಿಗೆಯೇ ಇರಲಿಲ್ಲವೆಂದು ಪತ್ರ ರದ್ದು ಮಾಡಿಸುವ ಅರ್ಜಿ ಬರೆದುಕೊಂಡು ನಿನ್ನೆ ಅವರ ಕೋಣೆಗೆ ಹೋದೆ. ಅರ್ಜಿ ಕೊಡಬೇಕಾದವರು ಅವರು. ನಾನು ಎಷ್ಟು ಕೂಗಾಡಿದರೂ ಪ್ರಯೋಜನವಿಲ್ಲ. ಕಚೇರಿಯಲ್ಲಿ ಅಂದದ್ದು ಬರೀ "ಆಯ್ತು" ಎಂದು ಬರೆದುಕೊಡಿ, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಕಿವಿಯ ಹತ್ತಿರ ಕೂತು ಹೇಳಿದೆ.

ಯಜಮಾನರು ಅರ್ಜಿಯನ್ನು ನನ್ನ ಕೈಗೇ ತಿರುಗಿ ಕೊಟ್ಟರು. ಆಮೇಲೆ ಅಂದ ಮಾತನ್ನು ನಾನು ಇಲ್ಲಿ ಹೇಳಬಾರದು. ಹೇಳುತ್ತೇನೆ.

"ಆ ಆಫೀಸರು ಏನು ಕೇಳಿದ್ರೋ ನಂಗೆ ಕೇಳಿಸ್ಲೇ ಇಲ್ಲ ವಕೀಲಮ್ಮ. ದೊಡ್ಡೋನು ನನ್ನ ಹೆಗಲ ಮೇಲೆ ಕೈ ಇಟ್ಕೊಂಡಿದ್ದ. ಅವನು ನನ್ನ ಮುಟ್ಟಿ ಎಷ್ಟು ವರ್ಷ ಆಗಿತ್ತು ಗೊತ್ತಾ? ಸಹಿ ಮುಗಿದ್ರೆ ಕೈ ತೆಗೀತಾನಲ್ಲ ಅಂತ ನಿಧಾನಕ್ಕೆ ಬರೆದೆ."

ಸಭಿಕರೇ, ಹೆದರಿಸಿ ಬರೆಸಿಕೊಂಡರೆ ಕಾನೂನಿದೆ. ಮೋಸದಿಂದ ಬರೆಸಿಕೊಂಡರೆ ಕಾನೂನಿದೆ. ಆ ಕೈಯ ಮೇಲೆ ದೂರು ಕೊಡಿ ಎಂದು ಈ ತಂದೆಗೆ ಯಾವ ಬಾಯಲ್ಲಿ ಹೇಳಲಿ? ಅರ್ಜಿಯನ್ನು ಮಡಚಿಕೊಂಡು ಮೆಟ್ಟಿಲಿಳಿದು ಬಂದೆ. ನ್ಯಾಯ ಗೊತ್ತಿದ್ದರೆ ಸಾಕು, ಜನ ಗೆಲ್ಲುತ್ತಾರೆ ಎಂದು ನಂಬಿದ್ದೆ. ಇವತ್ತು ಆ ನಂಬಿಕೆಯೂ ನನ್ನಲ್ಲಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಮುಗಿಸುತ್ತೇನೆ. ಯಜಮಾನರ ಮಕ್ಕಳಲ್ಲಿ ದೊಡ್ಡವರೇ, ಸನ್ಮಾನವಾದ ಮೇಲೆ ಅವರನ್ನು ವೇದಿಕೆಯಿಂದ ಇಳಿಸಲು ನೀವೇ ಬರುತ್ತೀರಿ. ಆಗ ಹೆಗಲ ಮೇಲೆ ಇನ್ನೊಮ್ಮೆ ಕೈ ಇಡಿ. ಬರೆಸಿಕೊಳ್ಳುವುದಕ್ಕೆ ಈಗ ಏನೂ ಉಳಿದಿಲ್ಲ, ಸುಮ್ಮನೆ ಇಡಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.