ರೋಮದಿಂದ ಬಂದ ಮೊದಲ ಪತ್ರ

ಹಾಂ, ಹಂಗ... ನಡುವ ನಿಂದರಿಸಿದ ಹೊರಸು ಇನ್ನೊಂದೀಟು ನಿನ್ನ ಕಡೆ ಸರಸು. ಹಗ್ಗದ ತೂತಿನಾಗ ನಿನ್ನ ಮೂಗು ಕಾಣಾಕತ್ತೈತೋ, ತಮ್ಮಾ ಉತ್ತಮ! ಮೂಗು ಕಂಡ್ರ ನಾ ಹ್ಯಾಂಗ ಪಾಪ ಹೇಳ್ಲಿ? ನೀ ಸುಮ್ನ ಕೂಡು. ಪಾಪ ಕೇಳುವಾಗ ನಡುವ ಬಾಯಿ ಹಾಕಬಾರದು ಅಂತ ರೋಮದ ಪಾದ್ರಿ ಸಾಲ್ಯಾಗ, ಆ ಸೆಮಿನರ್‍ಯಾಗ ಕಲಿಸ್ಯಾರ ಅಂದೆಲ್ಲಾ... ತೋರಸು ಮತ್ತ. ಪ್ರ್ಯಾಕ್ಟೀಸ್ ಬೇಕು ಅಂತ ಅಕ್ಕನ್ನ ಹಿಡದು ಕುಂಡ್ರಿಸಿದಾಂವ ನೀನ.

ಸುರು ಮಾಡ್ಲಿ? "ಸ್ವಾಮಿ, ನನ್ನನ್ನು ಆಶೀರ್ವದಿಸಿರಿ, ನಾನು ಪಾಪಿ..." ಅಯ್ಯ, ಯಾಕ ನಗತಿ? ಬರೋ ಭಾನುವಾರ ಬಿಷಪ್ರು ಬಂದು ನಿನಗ ಗುರುದೀಕ್ಷೆ ಕೊಡಾವ್ರು! ಹಿಂಗ ಹಲ್ಲು ಕಿಸದ್ರ ರಾಯಬಾಗದ ಮಂದಿ ನಿನ್ನ ಹಂತ್ಯಾಕ ಪಾಪ ಹೇಳಾಕ ಬಂದಾರೇನು?

ಒಂದನೇದು. ನಿಪ್ಪಾಣ್ಯಾಗ ನಮ್ಮತ್ತಿ ಚಹಾಕ್ಕ ಸಕ್ರಿ ಕಮ್ಮಿ ಹಾಕಿ, ಡಬ್ಬಿ ಖಾಲಿ ಆಗೈತ್ರಿ ಅಂದೀನಿ. ಡಬ್ಬಿ ತುಂಬಿತ್ತು. ಮುಂದಿಂದು... ಜಿನ್ನಪ್ಪ ಕಾಕಾನ ಟ್ರ್ಯಾಕ್ಟರ್ ಹಿಂದ ಓಡಿ ಕಬ್ಬು ಜಗ್ಗೀನಿ. ಏನು ಕೆಮ್ಮತಿ? ಹೌದು, ನೀನೂ ತಿಂದಿ, ಅರ್ಧಾ ಪಾಪ ನಿಂದು! ಮೂರನೇದು, ಫಾದರ್ ಪ್ರಸಂಗ ಮಾಡುವಾಗ ನಿದ್ದಿ ಹೊಡದೀನಿ... ಅದು ಪಾಪ ಅಲ್ಲ ಬಿಡು, ಅಂಥಾ ಪ್ರಸಂಗ ಅದು.

ಮುಗೀತು. ಕ್ಷಮಾ ಹೇಳು, ಏಳ್ತೀನಿ, ಒಲಿ ಮ್ಯಾಲ ಬ್ಯಾಳಿ ಐತಿ.

ಇನ್ನೂ ಯಾಕ ಹಗ್ಗಕ್ಕ ಕಿವಿ ಹಚ್ಚಿ ಕೂತಿ? ಇನ್ನೇನಿಲ್ಲೋ! ಹಿಂಗ ಕಾಯೂದನ್ನೂ ಅಲ್ಲೇ ಕಲಿಸಿದ್ರೇನು?

...ಐತಿ. ಒಂದು ಸಣ್ಣದು. ಸಣ್ಣದಲ್ಲ.

ಎಂಬತ್ತೈದರಾಗ ನೀ ಹೋದಿ ನೋಡು, ಎರಡು ತಿಂಗಳಿಗೆ ಮೊದಲನೇ ಪತ್ರ ಬಂತು. ಅವ್ವಗ, ಅಪ್ಪಗ ಓದಾಕ ಬರಂಗಿಲ್ಲ. "ತಾರಾ, ಓದವಾ" ಅಂತ ಅಪ್ಪ ನನ್ನ ಮುಂದ ಕೂತ, ಪೂಜಿಗೆ ಕೂತಾವ್ರಂಗ. ನಾ ಓದಿದೆ. ಇಲ್ಲಿ ಊಟ ಭಾಳ ಛಲೋ ಐತಿ, ಗುರುಗಳಿಗೆ ನಾನಂದ್ರ ಜೀವ, ಲ್ಯಾಟಿನ್ ಬರಾಕತ್ತೈತಿ... ಅಪ್ಪ ಹಿಗ್ಗಿ ರಾಯಬಾಗದ ಬಸ್ ಸ್ಟ್ಯಾಂಡ್ ತನಕ ಹೋಗಿ ಹೇಳಿ ಬಂದ. ಕಂಡಕ್ಟರಗೂ ಹೇಳಿದ್ನಂತ!

ನಗೋ. ಈಗ ನಕ್ಕರ ನಡೀತೈತಿ.

ನೀ ಹಂಗ ಬರದಿದ್ದಿಲ್ಲ. ಪಾಠ ಒಂದೂ ತಿಳಿವಲ್ದು, ಥಂಡಿ ತಡಕೊಳ್ಳಾಕ ಆಗವಲ್ದು, ಇದು ನನ್ನ ಕೆಲಸ ಅಲ್ಲ ಅನಸ್ತೈತಿ... ಅಪ್ಪಾ, ಬಾ ಅಂತ ಒಂದು ಮಾತು ಬರಿ, ಬಂದಬಿಡ್ತೀನಿ. ಹಿಂಗ ಬರದಿದ್ದಿ. ಅಪ್ಪನ್ನ ಕೇಳದ ಅವನ ಹೆಸರಲೆ ಉತ್ತರ ಬರದಾಕಿ ನಾನು. ಅಲ್ಲೇ ಗಟ್ಟಿ ಇರು, ಓದು ಮುಗಿಸೇ ಬಾ ಅಂತ. ಅಪ್ಪಗ ಇವತ್ತಿಗೂ ಗೊತ್ತಿಲ್ಲೋ ಉತ್ತಮ. ಆರು ವರ್ಷ ಆತು.

ಅಪ್ಪನ ಮಾರಿ ನೋಡಿ ಹಂಗ ಮಾಡಿದೆ ಅಂತ ನನಗ ನಾನ ಹೇಳಕೋತ ಬಂದೀನಿ. ಸುಳ್ಳು. ನಿಪ್ಪಾಣಿಯವ್ರು ಆಗ ನನ್ನ ನೋಡಿ ಹೋಗಿದ್ರು. ಹುಡುಗಿ ತಮ್ಮ ರೋಮದಾಗ ಓದತಾನ ಅಂತನ ಒಪ್ಪಿದಾವ್ರು. ನೀ ತಿರುಗಿ ಬಂದ್ರ ಒಲ್ಲೆ ಅಂದಾರು ಅಂತ ಅಂಜಿದೆ. ಅಷ್ಟ.

ಬೈಯರ ಬೈಯೋ.

ಬ್ಯಾಡ, ಬೈಯಬ್ಯಾಡ. ಒಂದು ಹೇಳು. ಆಮ್ಯಾಲ ತಿಂಗಳಾ ತಿಂಗಳಾ "ನಾನು ಆರಾಮ ಅದೀನಿ" ಅಂತ ಬರದಿ. ತವರಿಗೆ ಬಂದಾಗೆಲ್ಲಾ ಆ ಪತ್ರಾ ನಾನ ಓದಿ ಹೇಳೀನಿ, ಒಂದಕ್ಷರ ಬದಲಿ ಮಾಡಿಲ್ಲ, ದೇವರಾಣೆ. ಅವು ಖರೇ ಇದ್ವೇನು? ಇಲ್ಲಾ... ನೀನೂ ನನ್ನಂಗ ಬದಲಿ ಮಾಡಿ ಬರೀತಿದ್ದೇನೋ?

ತಮ್ಮಾ...

ತಲಿ ಎತ್ತೋ. ಹಿಂಗ ತಲಿ ಅಲ್ಲಾಡಿಸಿದ್ರ... ಒಂದೂ ಖರೇ ಇದ್ದಿಲ್ಲ ಅಂತನ?

...ಆತು. ತಿಳೀತು.

ಇನ್ನೂ ಮೂರು ದಿನ ಐತಿ. ಬಿಷಪ್ರ ಮುಂದ ಹೋಗೂದೋ ಬಿಡೂದೋ, ಈ ಸಲ ನೀನ ಹೇಳಬೇಕು. ನಾ ಅಲ್ಲ, ಅಪ್ಪನೂ ಅಲ್ಲ. ಆದ್ರ ಮೊದಲ ಅಪ್ಪಗ ಆ ಪತ್ರದ ಸುದ್ದಿ ಗೊತ್ತಾಗ್ಲಿ. ಸೆರಗು ಬಿಡೋ... ಬಿಡು ಅಂದ್ನೆಲ್ಲಾ!

ಅಪ್ಪಾ! ಏ ಅಪ್ಪಾ! ದನಾ ಅಲ್ಲೇ ಕಟ್ಟಿ ಒಂದೀಟು ಒಳಗ ಬಾ.